ಅವರ ಆಳು ಎಲ್ಲಿ ಕೂತಿದ್ದಾನೆ?

ನಮ್ಮ ಪೌರನೀತಿ ಮಾಸ್ಟ್ರ ಪಾದಕ್ಕೆ ಹೊಂದುವ ಚಪ್ಪಲಿ ಕಾಪು ಪೇಟೆಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಹೆಬ್ಬೆರಳು ಒಂದು ದಿಕ್ಕಿಗೆ, ಕಿರುಬೆರಳು ಇನ್ನೊಂದು ದಿಕ್ಕಿಗೆ ಚಾಚಿಕೊಂಡು, ಬೆರಳುಗಳ ನಡುವೆ ಒಂದೊಂದು ನೆಲಗಡಲೆ ಇಡುವಷ್ಟು ಜಾಗ. ಚಿಕ್ಕಂದಿನಿಂದ ಮರಳಿನಲ್ಲಿ ಕಾಲೂರಿ ದೋಣಿ ನೂಕಿದ, ಬಲೆ ಎಳೆದ ಪಾದಗಳು. ಉಡುಪಿಯಿಂದ ತಂದ ಒಂದು ಜೊತೆಯನ್ನು ಅವರು ಹೆದ್ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದುಕೊಂಡು ಬಂದು, ಶಾಲೆಯ ಗೇಟಿನ ಹತ್ತಿರ ಕಾಲಿಗೆ ತುರುಕಿಕೊಳ್ಳುತ್ತಿದ್ದರು. ಸಂಜೆ ಅದೇ ಗೇಟಿನಲ್ಲಿ ಮತ್ತೆ ಕೈಗೆ. ಹುಡುಗಿಯರಾದ ನಾವು ಇದನ್ನು ನೋಡಿ ನಗುತ್ತಿದ್ದೆವು, ನಾನಂತೂ ಎಲ್ಲರಿಗಿಂತ ಜೋರಾಗಿ.

ಕಡಲಿನ ಮೀನುಗಾರರಾದ ಮೊಗವೀರರ ಮನೆಯಿಂದ ಬಂದು ಹೈಸ್ಕೂಲಿನಲ್ಲಿ ಪಾಠ ಮಾಡುವವರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ. ಇವರಿಗೆ ಆಗ ಮೂವತ್ತೈದರ ಆಸುಪಾಸು. ಮದುವೆಯಾಗಿರಲಿಲ್ಲ. ಕಡಲ ದಡದಲ್ಲಿ ಕುಟುಂಬದ ದೊಡ್ಡ ಮನೆ ಇದ್ದರೂ ಅಲ್ಲಿರದೆ, ಪೇಟೆಯಲ್ಲಿ ಒಬ್ಬ ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಮೀನು ತಿನ್ನುತ್ತಿರಲಿಲ್ಲ. ಮೀನು ತಿನ್ನದ ಮೊಗವೀರ ಎಂದರೆ ನಮ್ಮ ಕಡೆ ಜನ ಎರಡು ಸಲ ತಿರುಗಿ ನೋಡುತ್ತಿದ್ದರು.

ಅವರ ಬಾಯಲ್ಲಿ ಸದಾ ಒಂದೇ ಪ್ರಶ್ನೆ. ಯಾರಾದರೂ ಏನಾದರೂ ಭರವಸೆ ಕೊಟ್ಟರೆಂದು ಹೇಳಿದರೆ ಸಾಕು, "ಅವರ ಆಳು ಎಲ್ಲಿ ಕೂತಿದ್ದಾನೆ?" ಎನ್ನುತ್ತಿದ್ದರು. ಮಳೆಗಾಲಕ್ಕೆ ಮೊದಲು ಶಾಲೆಯ ಸೋರುವ ಮಾಡು ರಿಪೇರಿ ಮಾಡಿಸಿ ಕೊಡುತ್ತೇವೆಂದು ದೊಡ್ಡವರೊಬ್ಬರು ಮಾತು ಕೊಟ್ಟಿದ್ದಾರೆ ಎಂದು ಹೆಡ್‌ಮಾಸ್ಟ್ರು ಸಂಭ್ರಮದಿಂದ ಸಾರಿದ ದಿನ ಇವರು ಎದ್ದು, "ಅವರ ಮಗ ನಮ್ಮ ಯಾವ ಕ್ಲಾಸಿನಲ್ಲಿ ಕೂತಿದ್ದಾನೆ ಸರ್?" ಎಂದು ಕೇಳಿದರು. ಆ ಮಗ ಓದುತ್ತಿದ್ದದ್ದು ಉಡುಪಿಯಲ್ಲಿ. ಆ ವರ್ಷ ನಾವು ಪುಸ್ತಕವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ನೆನೆಯುತ್ತಾ ಪಾಠ ಕೇಳಿದೆವು.

ಆ ಪ್ರಶ್ನೆಯ ಮೂಲ ನನಗೆ ತಿಳಿದದ್ದು ನಮ್ಮ ಮನೆಯ ಹಿತ್ತಿಲಿನಲ್ಲಿ. ನಮ್ಮದು ಕಟಪಾಡಿ ಕಡೆಗೆ ಹೋಗುವ ದಾರಿಯಲ್ಲಿದ್ದ ಕೊಂಕಣಿ ಕ್ರಿಶ್ಚಿಯನ್ ಮನೆ. ಇಗರ್ಜಿ, ಗದ್ದೆ, ಹಂದಿಗೂಡು ಬಿಟ್ಟರೆ ಬೇರೆ ಲೋಕ ನಮಗೆ ಗೊತ್ತಿಲ್ಲ. ಕಡಲು ಕೂಗಳತೆಯಲ್ಲಿದ್ದರೂ ಅದು ನಮಗೆ ಬುಟ್ಟಿಯಲ್ಲಿ ಬರುತ್ತಿತ್ತು. ಆ ಬುಟ್ಟಿ ಹೊತ್ತು ತರುತ್ತಿದ್ದವಳನ್ನು ನಾವು ಮೀನಿನಮ್ಮ ಎನ್ನುತ್ತಿದ್ದೆವು. ದೀಪಸ್ತಂಭದ ತೆಂಕು ಬದಿಯ ದಡದವಳು, ಒಬ್ಬಂಟಿ. ಬಂಗುಡೆಯ ತಲೆ ಕತ್ತರಿಸುತ್ತಾ ಒಂದು ದಿನ ಅವಳೇ ಹೇಳಿದಳು.

"ನಿಮ್ಮ ಮಾಸ್ಟ್ರು ಬಡಗು ದಡದವನು ಮಗಾ. ನಮ್ಮದು ತೆಂಕು ದಡ. ಎರಡು ದಡಕ್ಕೂ ಬೇರೆ ಬೇರೆ ರಂಪಣಿ ಬಲೆ, ಬೇರೆ ದೋಣಿ, ದೋಣಿ ನಡೆಸುವ ತಂಡೇಲನೂ ಬೇರೆ. ನಮ್ಮ ದೋಣಿಗೆ ಆಪತ್ತು ಬಂದರೆ ಅವರು ದೋಣಿ ಇಳಿಸಬೇಕು, ಅವರದ್ದಕ್ಕೆ ಬಂದರೆ ನಾವು. ಬರೀ ಬಾಯಿ ಮಾತಲ್ಲ. ಸಮುದ್ರಪೂಜೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟಾದ ಮೇಲೆ ಅವರ ಒಬ್ಬನನ್ನು ನಮ್ಮ ದೋಣಿಯಲ್ಲಿ ಕೂರಿಸಬೇಕು, ನಮ್ಮ ಒಬ್ಬನನ್ನು ಅವರ ದೋಣಿಯಲ್ಲಿ. ಇಡೀ ವರ್ಷ ಅವನು ಅಲ್ಲಿಯೇ ದುಡಿಯಬೇಕು."

"ಯಾರನ್ನಾದರೂ ಆಗ್ತದಾ?"

"ಯಾರನ್ನಾದರೂ ಹೇಗೆ? ತಂಡೇಲನ ಅಳಿಯನನ್ನೇ ಕೂರಿಸಬೇಕು. ಮಗನನ್ನು ಕೊಟ್ಟರೂ ಸಾಲುವುದಿಲ್ಲ."

ಅಳಿಯಕಟ್ಟಿನ ಕುಟುಂಬಗಳು ಅವು. ಮಾವನ ಬಳಿಕ ಮನೆ, ದೋಣಿ, ಯಜಮಾನಿಕೆ ಎಲ್ಲವೂ ಅಕ್ಕತಂಗಿಯರ ಮಗನಿಗೆ. ಅಳಿಯ ಮುಳುಗಿದರೆ ಕುಟುಂಬವೇ ಮುಳುಗಿದ ಹಾಗೆ. ಆದ್ದರಿಂದ ಅಳಿಯ ಕೂತ ದೋಣಿಯ ಕಡೆಗೆ ಎಂಥ ಕಡಲಿದ್ದರೂ ಮಾವ ದೋಣಿ ಇಳಿಸಿಯೇ ತೀರುತ್ತಾನೆಂದು ಎರಡೂ ದಡ ನಂಬಿತ್ತು. ಐವತ್ತರ ದಶಕದ ಆರಂಭದಲ್ಲಿ ಬಡಗು ದಡದವರು ತೆಂಕು ದೋಣಿಯಲ್ಲಿ ಕೂರಿಸಿದ ಅಳಿಯನೇ ನಮ್ಮ ಮಾಸ್ಟ್ರು.

ಆ ವರ್ಷ ತೆಂಕು ದೋಣಿ ದೀಪಸ್ತಂಭದ ಬಂಡೆಗೆ ಬಡಿದು ಮಗುಚಿತು. ಹೋದ ಎಂಟು ಜನರಲ್ಲಿ ಮೀನಿನಮ್ಮನ ಒಬ್ಬನೇ ಮಗನೂ ಇದ್ದ, ಮಾಸ್ಟ್ರ ಓರಗೆಯವನು, ಜೀವದ ಗೆಳೆಯ. ಬಡಗಿನವರು ದೋಣಿ ಇಳಿಸಲಿಲ್ಲ. ಕಡಲು ಬಿಡಲಿಲ್ಲ ಎಂದರು. ತೆಂಕಿನವರು ಅದನ್ನು ನಂಬಿದರೋ ಬಿಟ್ಟರೋ, ಆಳು ಕೂರಿಸುವ ಪದ್ಧತಿ ಮಾತ್ರ ಅಲ್ಲಿಗೆ ನಿಂತಿತು.

"ನಿಮ್ಮ ಮಾಸ್ಟ್ರಿಗೆ ಆ ದಿನ ಜ್ವರ. ದೋಣಿಗೆ ಬರಲಿಲ್ಲ," ಎಂದಳು ಮೀನಿನಮ್ಮ. "ಅವನೊಬ್ಬನನ್ನಾದರೂ ದೇವರು ಉಳಿಸಿದ. ಅವನ ಮುಖ ನೋಡಿದರೆ ನನಗೆ ನನ್ನವನನ್ನು ನೋಡಿದಷ್ಟೇ ಸಮಾಧಾನ."

ಪ್ರತಿ ಶನಿವಾರ ಅವಳು ಬುಟ್ಟಿಯಲ್ಲಿದ್ದ ಒಳ್ಳೆಯ ಮೀನೊಂದನ್ನು ಬಾಳೆಎಲೆಯಲ್ಲಿ ಸುತ್ತಿ ಮಾಸ್ಟ್ರ ಕೋಣೆಗೆ ಒಯ್ಯುತ್ತಿದ್ದಳು. ಅವರು ಎರಡೂ ಕೈ ಚಾಚಿ, ತಲೆ ತಗ್ಗಿಸಿ ತೆಗೆದುಕೊಳ್ಳುತ್ತಿದ್ದರಂತೆ. ಅವಳು ಬೀದಿ ತಿರುಗಿದ ಮೇಲೆ ಅದು ದರ್ಜಿಯ ಅಡುಗೆಮನೆಗೆ ಹೋಗುತ್ತಿತ್ತು. ಇದು ಇಡೀ ಪೇಟೆಗೆ ಗೊತ್ತು, ಅವಳೊಬ್ಬಳನ್ನು ಬಿಟ್ಟು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಚೀನಾ ಅಣುಬಾಂಬು ಸಿಡಿಸಿತು. ಎರಡು ವರ್ಷದ ಹಿಂದಷ್ಟೇ ಅದೇ ಚೀನಾದ ಕೈಯಲ್ಲಿ ಪೆಟ್ಟು ತಿಂದಿದ್ದೆವು. ಯುದ್ಧನಿಧಿಗೆಂದು ನನ್ನ ಅಮ್ಮ ಕೊಟ್ಟ ಬಳೆಯ ನೆನಪು ಮನೆಯಲ್ಲಿ ಇನ್ನೂ ಹಸಿಯಾಗಿತ್ತು. ಈಗ ಬಾಂಬು. ಕಾಪುವಿನ ಹೋಟೆಲಿನಲ್ಲಿ ಚಹಾ ಕುಡಿಯುವವರೆಲ್ಲ ರಾಜತಂತ್ರಜ್ಞರಾದರು. ನಾವೂ ಮಾಡಬೇಕು ಎನ್ನುವವರು ಕೆಲವರು. ಅಮೆರಿಕವೋ ರಷ್ಯವೋ ಬ್ರಿಟನ್ನೋ, ಬಾಂಬು ಇರುವ ದೊಡ್ಡವರು ಯಾರಾದರೂ ನಮ್ಮ ಬೆನ್ನಿಗೆ ನಿಂತರೆ ಸಾಕು ಎನ್ನುವವರು ಹಲವರು. ಇಂಥ ಅಭಯದ ಮಾತುಕತೆ ದೊಡ್ಡ ಮಟ್ಟದಲ್ಲೂ ನಡೆದಿದೆಯೆಂದು ಪೇಪರಿನಲ್ಲಿ ಬಂತು. ಆ ಬಿಸಿಯಲ್ಲೇ ಕಾರ್ಕಳದ ಒಂದು ಶಾಲೆ ಅಂತರಶಾಲಾ ಚರ್ಚಾಸ್ಪರ್ಧೆ ಇಟ್ಟಿತು: "ಮಿತ್ರರಾಷ್ಟ್ರದ ಅಣ್ವಸ್ತ್ರದ ಅಭಯ ನಮ್ಮ ದೇಶದ ರಕ್ಷಣೆಗೆ ಸಾಕು." ನನಗೆ ಬಂದದ್ದು ವಿರೋಧ ಪಕ್ಷ. ತಯಾರು ಮಾಡಿಸುವ ಹೊಣೆ ಪೌರನೀತಿ ಮಾಸ್ಟ್ರದ್ದು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಖಾಲಿ ಕ್ಲಾಸಿನಲ್ಲಿ ಅವರು ಬೋರ್ಡಿನ ಮೇಲೆ ಮೂರು ಸೊನ್ನೆ ಬರೆದರು.

"ಇದು ನಾವು. ಇದು ನಮ್ಮ ಸ್ನೇಹಿತ. ಇದು ವೈರಿ. ವೈರಿ ನಮ್ಮ ಒಂದು ಊರು ಸುಟ್ಟ. ಸ್ನೇಹಿತ ಈಗ ವೈರಿಯ ಊರು ಸುಡಬೇಕು. ಸುಟ್ಟರೆ ವೈರಿ ಸ್ನೇಹಿತನ ಊರನ್ನು ಸುಡ್ತಾನೆ. ಸ್ನೇಹಿತ ಎಂತ ಮಾಡ್ತಾನೆ?"

"ಮಾತು ಕೊಟ್ಟಿದ್ದಾನಲ್ಲ ಸರ್."

"ಮಾತು ಕೊಟ್ಟದ್ದು ಬೆಳಿಗ್ಗೆ ಮಾರಾಯ್ತಿ. ಊರು ಸುಟ್ಟದ್ದು ಮಧ್ಯಾಹ್ನ." ಸ್ನೇಹಿತನ ಸೊನ್ನೆಯ ಮೇಲೆ ಬೆರಳಿಟ್ಟರು. "ಇವನು ಬರ್ತಾನೆ ಅಂತ ನಾವು ನಂಬಿದರೆ ಸಾಲದು. ವೈರಿ ನಂಬಬೇಕು. ವೈರಿ ನಂಬಿದರೆ ಯಾರ ಊರೂ ಸುಡುವುದಿಲ್ಲ. ಆ ನಂಬಿಕೆ ಬರುವುದು ಎಲ್ಲಿಂದ ಹೇಳು?"

ಅವರೇ ಹೇಳಿದರು. ಜರ್ಮನಿಯಲ್ಲಿ ಅಮೆರಿಕದ ಸೈನಿಕರು ಹೆಂಡತಿ ಮಕ್ಕಳ ಸಮೇತ ಬೀಡುಬಿಟ್ಟಿದ್ದಾರೆ. ಅಷ್ಟು ಜನರಿಂದ ರಷ್ಯದ ಸೈನ್ಯವನ್ನು ತಡೆಯಲಾಗದು. ಆದರೆ ಆ ಮಕ್ಕಳು ಸತ್ತರೆ ಅಮೆರಿಕಕ್ಕೆ ಸುಮ್ಮನೆ ಕೂರಲಾಗದು ಎಂದು ರಷ್ಯಕ್ಕೆ ಗೊತ್ತು. "ಅವರ ಆಳು ಅಲ್ಲಿ ಕೂತಿದ್ದಾನೆ. ನಮ್ಮಲ್ಲಿ ಯಾರ ಆಳು ಕೂತಿದ್ದಾನೆ? ನಾವು ಕೂರಿಸಿಕೊಳ್ಳುವುದೂ ಇಲ್ಲ. ಕೂರಿಸಿಕೊಂಡರೆ ಆಮೇಲೆ ನಾವು ಯಾರ ದೋಣಿ?"

"ಹಾಗಾದರೆ ನಾವೇ ಬಾಂಬು ಮಾಡುವುದಾ ಸರ್?"

"ಅದನ್ನು ನನ್ನ ಹತ್ತಿರ ಕೇಳಬೇಡ," ಎಂದರು. "ಸ್ವಂತ ದೋಣಿ ಇದ್ದವರೂ ಮುಳುಗಿದ್ದಾರೆ."

ಆಗ ನನ್ನ ತಲೆಯಲ್ಲಿ ಮೀನಿನಮ್ಮ ಹೇಳಿದ ಕಥೆ ಮಿಂಚಿತು. ಬುದ್ಧಿವಂತೆ ಎಂದು ಎಲ್ಲರೂ ಹೊಗಳಿ ಹೊಗಳಿ ಕೆಡಿಸಿದ್ದ ಹುಡುಗಿ ನಾನು. ಹಿಂದುಮುಂದು ನೋಡದೆ ಕೇಳಿಯೇಬಿಟ್ಟೆ: "ಸರ್, ಆ ದಿನ ನಿಮಗೆ ಜ್ವರ ಬಂದು ನೀವು ದೋಣಿಯಲ್ಲಿ ಇಲ್ಲದ ಕಾರಣವೇ ಅಲ್ವಾ ನಿಮ್ಮ ದಡದವರು ಹೋಗದೆ ಇದ್ದದ್ದು?"

ಅವರು ಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟರು. ಮಕ್ಕಳು ಕೂರುವ ಬೆಂಚಿನ ಮೇಲೆ ಕೂತರು. ಹೊರಗೆ ಹುಡುಗರು ಚೆಂಡಾಡುವ ಗಲಾಟೆ. ನಾನು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಪುಸ್ತಕದ ಹೊದಿಕೆಯನ್ನು ಕೆರೆಯುತ್ತಿದ್ದೆ.

"ಜ್ವರ ಇರಲಿಲ್ಲ," ಎಂದರು ಕೊನೆಗೆ. "ಮಾಸ್ಟ್ರ ತರಬೇತಿಗೆ ಅರ್ಜಿ ಹಾಕಿದ್ದೆ. ಕಾಗದ ಬಂದಿದೆಯಾ ಅಂತ ಪೋಸ್ಟಾಫೀಸಿಗೆ ಹೋಗಬೇಕಿತ್ತು. ಹೇಳಿದರೆ ದೋಣಿಯವರು ನಗ್ತಾರೆ ಅಂತ ನಾಚಿಕೆ. ಅವಳ ಮಗನಿಗೆ ಮಾತ್ರ ಗೊತ್ತು. 'ಜ್ವರ ಅಂತ ನಾನು ಹೇಳ್ತೇನೆ, ನೀನು ಹೋಗು,' ಅಂದ. ನನ್ನ ಮಾವನಿಗೆ ಗೊತ್ತಿಲ್ಲ. ನಾನು ದೋಣಿಯಲ್ಲೇ ಇದ್ದೇನೆ ಅಂತ ಅವರ ಲೆಕ್ಕ."

ಕಾಗದ ಬಂದಿತ್ತಂತೆ. ಅದನ್ನು ಅಂಗಿಯ ಒಳಗಿಟ್ಟುಕೊಂಡು ದಡಕ್ಕೆ ಇಳಿದಾಗ ತೆಂಕು ದೋಣಿ ಬಂಡೆಯ ಹತ್ತಿರ ಮಗುಚಿಯಾಗಿತ್ತು. ನೀರಿನಲ್ಲಿ ತಲೆಗಳು ಕಾಣುತ್ತಿದ್ದವು. ಬಡಗು ದಡದಲ್ಲಿ ಮಾವ ಕೂಗಿ ಎಲ್ಲರನ್ನೂ ಸೇರಿಸಿದ್ದರು. ದೋಣಿಯ ಅಡಿಗೆ ಮರದ ತುಂಡು ಹಾಕಿ ಇಡೀ ತಂಡ ಕೈ ಹಚ್ಚಿತ್ತು. ದೋಣಿ ಕದಲಿ ಮೂತಿ ನೀರಿಗೆ ತಾಗಿತ್ತು.

"ನಾನು ಓಡಿದೆ. 'ಮಾವಾ, ಬೇಗ, ಬೇಗ!' ಅಂತ ಕೂಗಿಕೊಂಡು ಓಡಿದೆ. ಮಾವ ತಿರುಗಿ ನೋಡಿದರು. ದೋಣಿ ಬಿಟ್ಟು ನನ್ನ ಹತ್ತಿರ ಬಂದರು. ತಲೆ ಮುಟ್ಟಿ ನೋಡಿದರು, ಭುಜ ಮುಟ್ಟಿ ನೋಡಿದರು. 'ನೀನು ಇಲ್ಲಿ ಉಂಟಾ?' ಅಂದರು. ನನ್ನನ್ನು ಅಪ್ಪಿಕೊಂಡು ಮಗುವಿನ ಹಾಗೆ ಅತ್ತರು. ನಾನು ಅವರ ಹೆಗಲಿನ ಮೇಲಿನಿಂದ ನೋಡ್ತಾ ಇದ್ದೆ. ಒಬ್ಬೊಬ್ಬರ ಕೈ ದೋಣಿಯಿಂದ ಕೆಳಗೆ ಬರ್ತಾ ಇತ್ತು. ಬೇಡ ಅಂತ ಯಾರೂ ಹೇಳಲಿಲ್ಲ. ಅಲ್ಲಿಯವರೆಗೆ ಅವರು ಮಗುಚಿದ ಆ ದೋಣಿಯನ್ನು ಮಾತ್ರ ನೋಡ್ತಾ ಇದ್ದರು. ಆಮೇಲೆ ಕಡಲನ್ನು ನೋಡಿದರು."

"ನೀವು ಹೇಳಲಿಲ್ವಾ ಸರ್, ಹೋಗುವಾ ಅಂತ?"

"ಕಾಲು ಹಿಡಿದೆ. ಒಬ್ಬನೇ ದೋಣಿ ನೂಕಿದೆ. ನಲ್ವತ್ತು ಜನ ನೂಕುವ ದೋಣಿ." ತಮ್ಮ ಪಾದಗಳನ್ನು ನೋಡಿಕೊಂಡರು. "ನನ್ನ ಮಾವ ಕೆಟ್ಟವರಲ್ಲ. ಕಾಯಿ ಮುಟ್ಟಿ ಕೊಟ್ಟ ಮಾತು ಸುಳ್ಳೂ ಅಲ್ಲ. ನಾನು ಓಡಿ ಬರುವವರೆಗೆ ಅದು ನಿಜವೇ ಇತ್ತು. ನಾನು ಒಂದು ತೆಂಗಿನ ಮರದ ಹಿಂದೆ ಅಡಗಿ ಕೂತಿದ್ದರೆ ಸಾಕಿತ್ತು. ಅದು ಹೊಳೆಯಲಿಲ್ಲ. ಬೇಗ ಬರಲಿ ಅಂತ ಕೂಗಲಿಕ್ಕೆ ಹೋದೆ."

ಹದಿನಾಲ್ಕು ವರ್ಷ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಬಡಗು ದಡದವರು ಹೇಳುವಂತಿರಲಿಲ್ಲ. ಮೀನಿನಮ್ಮನಿಗೆ ಹೇಳಬೇಕೆಂದು ಪ್ರತಿ ಶನಿವಾರ ಬೆಳಿಗ್ಗೆ ನಿಶ್ಚಯಿಸುತ್ತಿದ್ದರಂತೆ. ಅವಳು ಬಂದು "ತಿನ್ನು ಮಗಾ, ಸೊರಗಿದ್ದಿ," ಎಂದಕೂಡಲೇ ಬಾಯಿ ಕಟ್ಟಿಹೋಗುತ್ತಿತ್ತಂತೆ. ಹೇಳಿದರೆ ಅವಳಿಗೆ ಉಳಿದಿರುವ ಈ ಒಂದು ಸಮಾಧಾನವೂ ಹೋಗುತ್ತದೆ. ಹೇಳದಿದ್ದರೆ ಆ ಮೀನನ್ನು ಕೈಯಲ್ಲಿ ಹಿಡಿಯಬೇಕು.

"ಇದು ಚರ್ಚೆಗೆ ಅಲ್ಲ. ಗೊತ್ತಾಯ್ತಲ್ಲ?" ಎಂದರು ಏಳುತ್ತಾ.

"ದೇವರಾಣೆ ಹೇಳುವುದಿಲ್ಲ ಸರ್," ಎಂದೆ. ಶಿಲುಬೆಯ ಗುರುತೂ ಹಾಕಿದೆ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದದ್ದು ಮಾಸ್ಟ್ರು, ನಾನು ಮತ್ತು ನನ್ನ ಅಪ್ಪ. ಸಭಾಂಗಣ ತುಂಬಿತ್ತು. ನನಗಿಂತ ಮೊದಲು ಪರವಾಗಿ ಮಾತಾಡಿದ ಉಡುಪಿಯ ಹುಡುಗ ಕನ್ನಡದ ನಡುವೆ ಸೇರಿಸುತ್ತಿದ್ದ ಇಂಗ್ಲಿಷಿನ ಉಚ್ಚಾರವೇ ಅರ್ಧ ಸ್ಪರ್ಧೆ ಗೆದ್ದಿತ್ತು. "ದೊಡ್ಡ ರಾಷ್ಟ್ರ ಕೊಟ್ಟ ಮಾತನ್ನು ಅನುಮಾನಿಸುವುದು ಸಣ್ಣತನ," ಎಂದು ಅವನು ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಎದ್ದುನಿಂತೆ. ಕಂಠಪಾಠ ಮಾಡಿದ್ದ ಜರ್ಮನಿ, ಅಮೆರಿಕ ಎಲ್ಲವೂ ಎರಡು ನಿಮಿಷದಲ್ಲಿ ಮುಗಿದುಹೋಯಿತು. ತೀರ್ಪುಗಾರರೊಬ್ಬರು ಆಕಳಿಸಿದರು. ಆ ಆಕಳಿಕೆಯನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ, ನನ್ನನ್ನು ನಾನು ಅದಕ್ಕಿಂತಲೂ ಕಡಿಮೆ ಕ್ಷಮಿಸಿದ್ದೇನೆ.

"ನಮ್ಮ ಕಡಲ ದಡದಲ್ಲಿ ಒಂದು ಪದ್ಧತಿ ಇತ್ತು," ಎಂದು ಶುರುಮಾಡಿದೆ.

ಹೆಸರು ಹೇಳಲಿಲ್ಲ. ಊರೂ ಹೇಳಲಿಲ್ಲ. ಆದರೆ ದೀಪಸ್ತಂಭ ಎಂದೆ, ಅಳಿಯ ಎಂದೆ, ಪೋಸ್ಟಾಫೀಸಿನ ಕಾಗದ ಎಂದೆ. "ನಮ್ಮ ಮಿತ್ರರಾಷ್ಟ್ರದ ಅಳಿಯ ನಮ್ಮ ದೋಣಿಯಲ್ಲಿ ಇದ್ದಾನೆಯೇ?" ಎಂದು ಕೇಳಿ ಕೂತೆ. ಆಮೇಲೆ ಬಂದ ಚಪ್ಪಾಳೆ ಉಡುಪಿಯ ಹುಡುಗನಿಗೆ ಬಂದದ್ದಕ್ಕಿಂತ ದೊಡ್ಡದು. ಬೆಳ್ಳಿಬಣ್ಣದ ಬಹುಮಾನದ ಕಪ್ ನನಗೆ ಸಿಕ್ಕಿತು. ಮಾಸ್ಟ್ರು ನಾಲ್ಕನೆಯ ಸಾಲಿನಲ್ಲಿ ಕೂತಿದ್ದರು. ಅವರ ಕಡೆ ನಾನು ನೋಡಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದರು. ನಾನು ಮಾಸ್ಟ್ರ ಸೀಟಿನ ಹತ್ತಿರ ಹೋಗಿ ನಿಂತೆ. "ತಪ್ಪಾಯ್ತು ಸರ್," ಎನ್ನುವಷ್ಟರಲ್ಲಿ ಅಳು ಬಂತು.

"ಚೆನ್ನಾಗಿ ಮಾತಾಡಿದೆ," ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಹಿಂದಿನ ಸೀಟಿನಲ್ಲಿ ಪಡುಬಿದ್ರಿಯ ಮೀನು ವ್ಯಾಪಾರದವರು ಇಬ್ಬರಿದ್ದಾರೆ. ತಮ್ಮ ಮಕ್ಕಳ ಭಾಷಣ ಕೇಳಲು ಅವರೂ ಸಭೆಯಲ್ಲಿದ್ದರು. ನಾಳೆ ಬೆಳಿಗ್ಗೆ ತೆಂಕು ದಡಕ್ಕೆ ಈ ಮಾತು ಮುಟ್ತದೆ. ಅದಕ್ಕೆ ಮೊದಲು ನಾನು ಮುಟ್ಟಬೇಕು."

ಕಾಪುವಿನಲ್ಲಿ ಇಳಿದವರು ತಮ್ಮ ಕೋಣೆಗೆ ಹೋಗಲಿಲ್ಲ. ಇನ್ನೂ ಬಿಸಿಲಿತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಕಡಲಿನ ದಾರಿ ಹಿಡಿದರು. ಅಪ್ಪ, "ಎಂತ ಮಾರಾಯ್ರೇ, ಚಹಾ ಕುಡಿದು ಹೋಗಿ," ಎಂದು ಕರೆದದ್ದು ಅವರಿಗೆ ಕೇಳಿಸಲಿಲ್ಲವೋ ಏನೋ.

ಅವಳ ಮನೆಯಲ್ಲಿ ಏನು ನಡೆಯಿತೆಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಮಾಸ್ಟ್ರು ಎಂದಿನಂತೆ ಶಾಲೆಗೆ ಬಂದು ಪಂಚಾಯತಿಯ ಅಧಿಕಾರಗಳ ಪಾಠ ಮಾಡಿದರು. ಮೀನಿನಮ್ಮ ಎಂದಿನಂತೆ ನಮ್ಮ ಹಿತ್ತಿಲಿಗೆ ಬಂದು, "ಬಾಯಮ್ಮ, ಇವತ್ತು ಬೂತಾಯಿ ಒಳ್ಳೆದುಂಟು," ಎಂದಳು. ನನ್ನ ಕಡೆ ತಿರುಗಲಿಲ್ಲ. ಶನಿವಾರ ಬಂತು. ಅವಳ ಬುಟ್ಟಿ ದರ್ಜಿಯ ಅಂಗಡಿಯ ಮುಂದಿನಿಂದ ನಿಲ್ಲದೆ ಹೋಯಿತು. ಮುಂದಿನ ಶನಿವಾರವೂ ಹಾಗೆಯೇ. ಪ್ರತಿ ಶನಿವಾರ ಆ ಹೊತ್ತಿಗೆ ಮಾಸ್ಟ್ರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ಬುಟ್ಟಿ ಕಣ್ಮರೆಯಾದ ಮೇಲೆ ಒಳಗೆ ಹೋಗುತ್ತಿದ್ದರು ಎಂದು ದರ್ಜಿ ಹೇಳುತ್ತಿದ್ದ. ಆ ಬುಟ್ಟಿ ನಿಲ್ಲದಂತೆ ಮಾಡಿದವಳು ನಾನು. ಅವರು ಇದನ್ನು ಒಮ್ಮೆಯೂ ನನ್ನ ಮುಂದೆ ಎತ್ತಲಿಲ್ಲ. ಮುಂದೆ ಉಡುಪಿಯ ಕಾಲೇಜಿಗೆ ಸೇರಲು ಅರ್ಜಿ ಬರೆಯುವಾಗ ನನ್ನ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ತಿದ್ದಿದವರು ಅವರೇ. ಹುಡುಗಿಯನ್ನು ಅಷ್ಟು ದೂರ ಓದಿಸುವುದೇಕೆ ಎಂದ ನನ್ನ ಅಪ್ಪನನ್ನು ಒಪ್ಪಿಸಿದವರೂ ಅವರೇ. ನಾನು ಮಾತು ಮುರಿದೆ, ಅವರು ಒಂದನ್ನೂ ಮುರಿಯಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಹೊಟ್ಟೆಯ ರೋಗ ಹಿಡಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಕಾಲೇಜು ಮುಗಿಸಿ ಬಸ್ಸು ಹತ್ತಿ ನೋಡಲು ಹೋಗುತ್ತಿದ್ದೆ. ಒಂದು ಕಾಲಕ್ಕೆ ಆ ಪಾದಗಳನ್ನು ನೋಡಿ ನಗುತ್ತಿದ್ದ ಹುಡುಗಿಗೆ ಈಗ ಹೊದಿಕೆಯ ಹೊರಗೆ ಕಾಣುತ್ತಿದ್ದ ಅವುಗಳನ್ನು ನೋಡಲಾಗುತ್ತಿರಲಿಲ್ಲ. ಪೇಪರಿನಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಒಂದು ದಿನ, ಬಾಂಬು ಇರುವ ದೊಡ್ಡ ರಾಷ್ಟ್ರಗಳು ಬಾಂಬು ಇಲ್ಲದವರಿಗೆ ರಕ್ಷಣೆಯ ಭರವಸೆ ಕೊಡುತ್ತೇವೆಂದು ಹೇಳಿವೆ ಎಂದು ಓದಿ ಹೇಳಿದೆ. ಅವರು ತಮ್ಮ ಹಳೆಯ ಪ್ರಶ್ನೆ ಕೇಳಲಿಲ್ಲ. "ಅವಳು ಹೇಗಿದ್ದಾಳೆ?" ಎಂದು ಕೇಳಿದರು. "ಚೆನ್ನಾಗಿದ್ದಾಳೆ ಸರ್," ಎಂದೆ. ಮರುವಾರ ಹೋದಾಗ ಹಾಸಿಗೆ ಖಾಲಿಯಾಗಿತ್ತು.

ಅವರ ಉತ್ತರಕ್ರಿಯೆ, ಅಂದರೆ ಬೊಜ್ಜದ ಮರುದಿನ ಮೀನಿನಮ್ಮ ನಮ್ಮ ಹಿತ್ತಿಲಿಗೆ ಬಂದಳು. ಬುಟ್ಟಿ ಇಳಿಸಿದಳು, ಮೀನು ತೆಗೆಯಲಿಲ್ಲ. ಅಮ್ಮ ಮನೆಯಲ್ಲಿರಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ನಾಲ್ಕು ವರ್ಷದ ಬಳಿಕ ಮೊದಲ ಸಲ ನನ್ನ ಮುಖ ನೋಡಿದಳು.

"ಕಾರ್ಕಳದಲ್ಲಿ ಹೇಳಿದ್ದನ್ನು ನನಗೊಮ್ಮೆ ಹೇಳು ಮಗಾ. ಅವನು ಬಂದು ಹೇಳುವಾಗ ನಾನು ಎದ್ದು ಒಳಗೆ ಹೋದೆ. ಅವನು ಅಂಗಳದಲ್ಲಿ ನಿಂತು ಬಾಗಿಲಿಗೆ ಹೇಳಿದ. ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ."

ನಾನು ಅವಳ ಮುಂದೆ ಕೂತೆ. ಸಭೆಯಲ್ಲಿ ಹೇಳಿದ ಹಾಗೆ ಹೇಳಲು ಬರಲಿಲ್ಲ. ತಡವರಿಸುತ್ತಾ ಹೇಳಿದೆ. ಜ್ವರ ಇರಲಿಲ್ಲ ಎಂದೆ. ಕಾಗದದ ಗುಟ್ಟು ಅವಳ ಮಗನೊಬ್ಬನಿಗೆ ಗೊತ್ತಿತ್ತು ಎಂದೆ. ಅವಳು ತಲೆಯಾಡಿಸಿದಳು. ದೋಣಿ ಮಗುಚಿದ್ದನ್ನು ಹೇಳಿದೆ. ಬಡಗು ದಡದಲ್ಲಿ ಮಾವ ಕೂಗಿದ್ದನ್ನು ಹೇಳಿದೆ.

"ಕೂಗಿದನಾ?"

"ಕೂಗಿದರು. ಎಲ್ಲರೂ ಓಡಿ ಬಂದರು. ದೋಣಿಯ ಅಡಿಗೆ ಮರ ಹಾಕಿದರು."

"ಕೈ ಹಚ್ಚಿದರಾ?"

"ಹಚ್ಚಿದರು. ದೋಣಿಯ ಮೂತಿ ನೀರಿಗೆ ತಾಗಿತ್ತಂತೆ."

"ಬಂಡೆಯ ಹತ್ತಿರ ಇದ್ದವರಿಗೆ ಅದು ಕಾಣ್ತಿತ್ತಲ್ಲ ಮಗಾ? ನನ್ನವನಿಗೆ ಕಂಡಿರಬೇಕು. ಅವರು ಬರ್ತಾ ಇದ್ದಾರೆ ಅಂತ."

"ಕಂಡಿರಬೇಕು," ಎಂದೆ. ಆಮೇಲೆ ಹೇಳಬೇಕಾದದ್ದಕ್ಕೆ ಬಾಯಿ ತೆರೆದೆ.

ಅವಳು ಮೀನಿನ ವಾಸನೆಯ ಕೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

"ಸಾಕು," ಎಂದಳು. "ಅಲ್ಲಿಗೆ ನಿಲ್ಲಿಸು."